ಯತ್ತಿನಗುಡ್ಡ ಇಳಿಯುವ ಮೊದಲು

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್‌ಸಿ ಅಗ್ರಿ ಓದುತ್ತಿದ್ದೇನೆ. ಎಂಟನೇ ಸೆಮಿಸ್ಟರ್ ನಡೆದಿದೆ, ಇದು ಮುಗಿದರೆ ಡಿಗ್ರಿ ಮುಗಿದ ಹಾಗೆ. ಈಗ ಯಾರು ಸಿಕ್ಕರೂ ಒಂದೇ ಪ್ರಶ್ನೆ: ಮುಂದೇನು? ಊರಿಗೆ ಹೋದಾಗ ಬಸ್ ಇಳಿದು ಮನೆ ಮುಟ್ಟೋದರೊಳಗೆ ಇದನ್ನು ಕೇಳದವರೇ ಇಲ್ಲ. ಕೇಳಿದವರಲ್ಲಿ ಅರ್ಧ ಜನ ನನ್ನ ಉತ್ತರಕ್ಕೂ ಕಾಯುವುದಿಲ್ಲ. "ಅಗ್ರಿ ಮಾಡ್ಯಾಳಂದ್ರ ಆಫೀಸರ್ ಆಗತಾಳ ಬಿಡ್ರಿ" ಅಂತ ತಾವೇ ಹೇಳಿ ಮುಂದೆ ಹೋಗುತ್ತಾರೆ. ಸೇರಿದಾಗ ನನ್ನ ಉತ್ತರವೂ ಅದೇ ಇತ್ತು. ಈಗ ಬೇರೆ ಇದೆ. ಅದು ಹೇಗೆ ಬದಲಾಯಿತು ಅನ್ನೋದನ್ನು ಈಗಲೇ ಬರೆದಿಡಬೇಕು ಅನ್ನಿಸಿತು, ಯಾಕೆಂದರೆ ಕೈಗೆ ಡಿಗ್ರಿ ಬಂದ ಮೇಲೆ ಎಲ್ಲರೂ ತಮ್ಮ ಕತೆಯನ್ನು ಮೊದಲಿನಿಂದ ಎಲ್ಲ ಗೊತ್ತಿದ್ದವರ ಹಾಗೆ ಹೇಳೋಕೆ ಶುರು ಮಾಡುತ್ತಾರೆ, ನಾನೂ ಹಾಗೇ ಮಾಡೋದು ಗ್ಯಾರಂಟಿ.

ನಮ್ಮದು ರಾಣೆಬೆನ್ನೂರು ಕಡೆಯ ಒಂದು ಹಳ್ಳಿ. ಮೂರು ಎಕರೆ ಹೊಲ, ಒಂದು ಬೋರ್. ನಮ್ಮ ಕಡೆ ಹೈಬ್ರಿಡ್ ಬೀಜ ಮಾಡೋ ಕೆಲಸ ಜಾಸ್ತಿ. ಹತ್ತಿ, ಟೊಮ್ಯಾಟೊ, ಮೆಣಸಿನಕಾಯಿ, ಬೆಂಡಿ, ಎಲ್ಲದರ ಬೀಜವನ್ನೂ ಕಂಪನಿಗಳು ರೈತರ ಹೊಲದಲ್ಲೇ ಮಾಡಿಸುತ್ತವೆ. ಒಂದು ಗಿಡದ ಹೂವಿನ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಿಂದ ಸವರೋದಕ್ಕೆ ಕ್ರಾಸಿಂಗ್ ಅಂತಾರೆ. ಅವ್ವ ತನ್ನ ಮದುವೆಗಿಂತ ಮೊದಲೇ ಈ ಕ್ರಾಸಿಂಗ್ ಕೆಲಸಕ್ಕೆ ಹೋದವಳು. ನಮ್ಮ ಹೊಲದಲ್ಲೂ ಒಂದು ತುಂಡು ಪ್ಲಾಟ್ ಇರುತ್ತಿತ್ತು. ಶಾಲೆ ಬಿಟ್ಟು ಬಂದ ಮೇಲೆ ನಾನೂ ಕೈಜೋಡಿಸುತ್ತಿದ್ದೆ.

ಹಾಗಂತ ಕೃಷಿ ಮೇಲೆ ಪ್ರೀತಿ ಉಕ್ಕಿ ಅಗ್ರಿ ಸೇರಿದೆ ಅಂತ ಅಂದುಕೊಳ್ಳಬೇಡಿ. ನಮ್ಮ ಬ್ಯಾಚಿನ ರೈತರ ಮಕ್ಕಳನ್ನು ಸುಮ್ನೆ ಕೂರಿಸಿಕೊಂಡು ಕೇಳಿ ನೋಡಿ, ಬಹಳಷ್ಟು ಜನ ಹೊಲದಿಂದ ಹೊರಗೆ ಬರೋಕೆ ಅಂತಲೇ ಅಗ್ರಿ ಸೇರಿದವರು. ತಮಾಷೆ ಅಲ್ವಾ? ಆದರೆ ಅದು ಹಾಗೇ ಇದೆ. ಮನೆಯಲ್ಲೂ ಅದೇ ಆಸೆ. "ಬಿಸಲಾಗ ನಿಲ್ಲೋದು ನಮಗ ಸಾಕಾತು, ನೀ ನೆರಳಾಗ ಕುಂತು ಹೇಳಾಕಿ ಆಗು" ಅಂತ ಅಪ್ಪ ನೇರವಾಗಿಯೇ ಹೇಳಿದ್ದರು.

ನಾವು 2021ರಲ್ಲಿ ಪಿಯುಸಿ ಮುಗಿಸಿದವರು. ಕೊರೊನಾ ಕಾರಣಕ್ಕೆ ಆ ವರ್ಷ ದ್ವಿತೀಯ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿ ಮತ್ತು ಫಸ್ಟ್ ಪಿಯು ಅಂಕ ನೋಡಿ ಎಲ್ಲರನ್ನೂ ಪಾಸ್ ಮಾಡಿದರು. ಸಿಇಟಿ ಮಾತ್ರ ಆಗಸ್ಟ್ ಕೊನೆಯಲ್ಲಿ ನಡೆಯಿತು. "ಪರೀಕ್ಷೆ ಬರೀದೇ ಪಾಸಾದ ಬ್ಯಾಚ್" ಅಂತ ಸೀನಿಯರ್‌ಗಳು ಕಾಲೆಳೆಯೋದು ಮೊದಲ ವರ್ಷವಿಡೀ ನಿಲ್ಲಲಿಲ್ಲ. ನಾವು ಸಿಇಟಿ ಬರೆದೇ ಬಂದಿದ್ದೇವೆ ಅಂತ ಎಷ್ಟು ಹೇಳಿದರೂ ಅಷ್ಟೇ.

ಮೊದಲೆರಡು ವರ್ಷದ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಬೆಳಿಗ್ಗೆ ಥಿಯರಿ, ಮಧ್ಯಾಹ್ನ ಪ್ರಾಕ್ಟಿಕಲ್, ಸಂಜೆ ರೆಕಾರ್ಡ್ ಬರೆಯೋದು. ಬಲೆ ಹಿಡಿದು ಕೀಟ ಹಿಡಿಯೋದು, ಪಿನ್ ಚುಚ್ಚಿ ಪೆಟ್ಟಿಗೆಯಲ್ಲಿ ಸಾಲಾಗಿ ಇಡೋದು. ಕಳೆ ಕಿತ್ತು, ಒಣಗಿಸಿ, ಹಾಳೆಗೆ ಅಂಟಿಸಿ ಹರ್ಬೇರಿಯಂ ಮಾಡೋದು. ನಮ್ಮ ಕ್ಯಾಂಪಸ್ ಇರೋದು ಯತ್ತಿನಗುಡ್ಡದಲ್ಲಿ, ಊರಿನ ಗದ್ದಲದಿಂದ ಆಚೆ. ಕೃಷಿ ಕಾಲೇಜು 1947ರಷ್ಟು ಹಳೆಯದು, ವಿಶ್ವವಿದ್ಯಾಲಯ ಆದದ್ದು 1986ರ ಅಕ್ಟೋಬರ್ 1ಕ್ಕೆ. ಅದಕ್ಕೂ ಮೊದಲು ಇದು ಬೆಂಗಳೂರು ಕೃಷಿ ವಿವಿಯ ಕೆಳಗೆ ಇತ್ತು. ಮಳೆಗಾಲದಲ್ಲಿ ಇಲ್ಲಿನ ಜಿಟಿಜಿಟಿ ಶುರುವಾದರೆ ಹಾಸ್ಟೆಲ್ ಹಗ್ಗದ ಮೇಲಿನ ಬಟ್ಟೆ ಒಣಗೋದು ದೇವರಿಗೇ ಪ್ರೀತಿ. ಬೇಜಾರಾದರೆ ಜುಬಿಲಿ ಸರ್ಕಲ್ ಕಡೆ ಹೋಗಿ ಗಿರಮಿಟ್ಟು, ಮಿರ್ಚಿ ತಿಂದು ಬರೋದು, ಊರಿಗೆ ಹೋಗೋ ದಿನ ಲೈನ್ ಬಜಾರ್‌ನಲ್ಲಿ ಪೇಡೆ ಕಟ್ಟಿಸಿಕೊಳ್ಳೋದು.

ಒಂದು ಪ್ರಾಕ್ಟಿಕಲ್ ಮಾತ್ರ ಹೇಳಲೇಬೇಕು. ಹತ್ತಿಯ ಕ್ರಾಸಿಂಗ್. ನಾಳೆ ಅರಳೋ ಮೊಗ್ಗನ್ನು ಇವತ್ತು ಸಂಜೆಯೇ ಗುರುತಿಸಬೇಕು. ಅದರ ಬುಡದಲ್ಲಿ ಹೆಬ್ಬೆರಳಿನ ಉಗುರು ಊರಿ, ಸುತ್ತಲೂ ಹದವಾಗಿ ಸೀಳಿ, ಎಸಳು ಮತ್ತು ಪರಾಗದ ಕೊಳವೆ ಎರಡನ್ನೂ ಒಟ್ಟಿಗೆ ಮೇಲಕ್ಕೆ ಎಳೆದು ತೆಗೆಯಬೇಕು. ನಡುವಿನ ಬಿಳಿ ಕಡ್ಡಿಯಂಥ ಶಲಾಕೆ ಮಾತ್ರ ನಿಂತಿರಬೇಕು. ಉಗುರು ಒಂದು ಕೂದಲೆಳೆ ಆಳಕ್ಕೆ ಇಳಿದರೂ ಒಳಗಿನ ಎಳೆಕಾಯಿಗೆ ಗಾಯವಾಗಿ ಉದುರುತ್ತದೆ. ಆಮೇಲೆ ಬಣ್ಣದ ಕಾಗದದ ಚೀಲ ಹಾಕಿ, ಮರುದಿನ ಬೆಳಿಗ್ಗೆ ಗಂಡು ಗಿಡದ ಹೂ ತಂದು ಅದರ ಪರಾಗವನ್ನು ಸವರಬೇಕು. ಕ್ಲಾಸಿನವರು ಮೊಗ್ಗು ಹರಿದು ಹರಿದು ಹಾಕುತ್ತಿದ್ದಾಗ ನಾನು ಟಕಟಕ ಅಂತ ಒಂದು ಗಿಡ ಮುಗಿಸಿದೆ. ಸರ್ ಹತ್ತಿರ ಬಂದು ನೋಡಿ, "ಎಲ್ಲಿ ಕಲ್ತೀಯವಾ?" ಅಂದರು. ಮನೆಯಲ್ಲಿ ಅಂದೆ. ಅವರು ನಕ್ಕು, ಹಾಗಾದರೆ ಇವರಿಗೆಲ್ಲ ನೀನೇ ಕಲಿಸು ಅಂದರು. ಅವತ್ತೇ ಅವರು ಹೇಳಿದ ಇನ್ನೊಂದು ವಿಷಯ: 1972ರಲ್ಲಿ ಬಂದ ವರಲಕ್ಷ್ಮಿ ಹತ್ತಿ ಧಾರವಾಡದ ಸಂಶೋಧನಾ ಕೇಂದ್ರದ್ದು, ಎರಡು ಬೇರೆ ಬೇರೆ ಜಾತಿಯ ಹತ್ತಿ ಕೂಡಿಸಿ ಮಾಡಿದ ಹೈಬ್ರಿಡ್. ಅದರ ಹಿಂದೆ ಬಂದ ಹೈಬ್ರಿಡ್‌ಗಳಿಂದಲೇ ನಮ್ಮ ಕಡೆ ಸಾವಿರಾರು ಹೆಣ್ಣುಮಕ್ಕಳ ಕೈಗೆ ಈ ಉಗುರಿನ ಕೆಲಸ ಬಂದದ್ದು. ಅವ್ವನಿಗೆ ಫೋನ್ ಮಾಡಿ ಹೇಳಿದೆ. "ಹೌದೇನ? ನಮಗ ಯಾರ ಹೇಳ್ಯಾರ ಇದನ್ನ" ಅಂದಳು, ಆಮೇಲೆ ಸಾರಿಗೆ ಬ್ಯಾಳಿ ಇಟ್ಟೀನಿ ಅಂತ ಫೋನ್ ಇಟ್ಟಳು.

ಅಲ್ಲಿಂದ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತಿತು. ಎಂಎಸ್‌ಸಿ ಮಾಡಿದರೆ ಪ್ಲಾಂಟ್ ಬ್ರೀಡಿಂಗ್‌ನಲ್ಲೇ, ಅಂದರೆ ಹೊಸ ತಳಿ ಮಾಡೋ ವಿದ್ಯೆಯಲ್ಲೇ. ಇಲ್ಲವಾದರೆ ಕೆಪಿಎಸ್‌ಸಿ ಬರೆದು ರೈತ ಸಂಪರ್ಕ ಕೇಂದ್ರದಲ್ಲಿ ಅಧಿಕಾರಿ. ಎರಡೂ ಮನೆಯವರಿಗೆ ಒಪ್ಪಿಗೆ.

ಮೂರನೇ ವರ್ಷ 2023ರ ಬರ ಬಂತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರಕಾರವೇ ಘೋಷಿಸಿದ ವರ್ಷ. ನಮ್ಮ ಬೋರ್ ಕೈಕೊಟ್ಟಿತು. ಕ್ಲಾಸಿನಲ್ಲಿ ಬರ ನಿರ್ವಹಣೆ ಪಾಠ, ಹಾಸ್ಟೆಲ್ ರೂಮಿನಲ್ಲಿ ಮೆಸ್ ಬಿಲ್ ಯಾರಿಗೆ ಎಷ್ಟು ಬಾಕಿ ಅನ್ನೋ ಮಾತು. ಆ ವರ್ಷದ ಬಗ್ಗೆ ಜಾಸ್ತಿ ಬರೆಯೋ ಮನಸ್ಸಿಲ್ಲ. ದಾಟಿದೆವು.

ಇನ್ನು ರಾವೆ. ಕೃಷಿ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಏಳನೇ ಸೆಮಿಸ್ಟರ್‌ನಲ್ಲಿ ನಮ್ಮನ್ನು ಗುಂಪು ಗುಂಪಾಗಿ ಹಳ್ಳಿಗಳಿಗೆ ಕಳಿಸುತ್ತಾರೆ. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಅದರ ಪೂರ್ತಿ ಹೆಸರು. ಅಲ್ಲೇ ಇರಬೇಕು, ಒಬ್ಬೊಬ್ಬರಿಗೆ ಒಂದೊಂದು ರೈತ ಕುಟುಂಬ ಹಚ್ಚಿಕೊಡುತ್ತಾರೆ, ಅವರ ಜತೆ ಹೊಲಕ್ಕೆ ಹೋಗಬೇಕು, ಪ್ರಾತ್ಯಕ್ಷಿಕೆ ಮಾಡಬೇಕು, ದಿನಚರಿ ಬರೆಯಬೇಕು. ನಮ್ಮ ಗುಂಪಿಗೆ ಬಂದದ್ದು ಗದಗ ಜಿಲ್ಲೆಯ ರೋಣ ಕಡೆಯ ಒಂದು ಹಳ್ಳಿ. ಕಣ್ಣು ಹಾಯಿಸಿದಷ್ಟು ದೂರ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಮುಂಗಾರಿಗೆ ಹೆಸರುಕಾಳು, ಹಿಂಗಾರಿಗೆ ಕಡಲೆ, ಜೋಳ. ನೀರಾವರಿ ಇಲ್ಲ. ಮಣ್ಣಲ್ಲಿ ಉಳಿದ ಹಸಿಯ ಮೇಲೆಯೇ ಹಿಂಗಾರು ಬೆಳೆ ಬರಬೇಕು. ಬೋರ್ ನೀರಲ್ಲಿ ಬೆಳೆದ ನನಗೆ ಇದು ಹೊಸದು.

ಮೊದಲ ವಾರದಲ್ಲೇ ಊರಿನ ನಕ್ಷೆ ಬರೆಯೋ ಕೆಲಸ. ನಾವು ಬರೆಯೋದಲ್ಲ, ಊರವರ ಕೈಯಲ್ಲೇ ನೆಲದ ಮೇಲೆ ಬರೆಸಬೇಕು. ಗುಡಿ ಮುಂದಿನ ಕಟ್ಟೆ ಹತ್ತಿರ ಸಗಣಿ ಸಾರಿಸಿ, ಬಣ್ಣದ ರಂಗೋಲಿ ಪುಡಿ ಇಟ್ಟೆವು. ಗಂಡಸರು ಶುರು ಮಾಡಿದರು. ರಸ್ತೆ, ಗುಡಿ, ಪಂಚಾಯ್ತಿ, ಸೊಸೈಟಿ, ಚಹಾದ ಅಂಗಡಿ. ಹಳದಿ ಪುಡಿಯಲ್ಲಿ ಮನೆಗಳ ಸಾಲು. ಮುಗೀತು ಅಂದರು. ಅಷ್ಟೊತ್ತು ದೂರ ನಿಂತಿದ್ದ ಒಬ್ಬ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು, ನೀಲಿ ಪುಡಿ ತಗೊಂಡು ಒಂದು ಮೂಲೆಯಲ್ಲಿ ಹಳೇ ಬಾವಿ ಹಾಕಿದಳು. ಆಮೇಲೆ ನಳ ಎಲ್ಲೆಲ್ಲಿ ಇವೆ, ಯಾವ ನಳಕ್ಕೆ ನೀರು ಬರೋದಿಲ್ಲ, ಕಟ್ಟಿಗೆ ಎಲ್ಲಿಂದ ತರುತ್ತಾರೆ, ಅಂಗನವಾಡಿ ಎಲ್ಲಿದೆ, ಒಂದೊಂದೇ ಬಂತು. "ಇವರ ಊರಾಗ ನೀರ ಇಲ್ಲೇನ್ರಿ, ಬರೇ ಚಾದಂಗಡಿ ಐತಿ" ಅಂತ ಅವಳು ಅಂದಾಗ ಗಂಡಸರೂ ನಕ್ಕರು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ನಕ್ಷೆ ಬರೆಸಬೇಕು ಅಂತ ನಮ್ಮ ವಿಸ್ತರಣಾ ಶಿಕ್ಷಣದ ಪುಸ್ತಕದಲ್ಲಿ ಒಂದು ಸಾಲು ಇದೆ. ಓದುವಾಗ ಅದನ್ನು ಎರಡು ಮಾರ್ಕಿನ ಪ್ರಶ್ನೆ ಅಂದುಕೊಂಡಿದ್ದೆವು.

ಕಡಲೆ ಬಿತ್ತನೆ ಮುಂಚೆ ಬೀಜೋಪಚಾರ ತೋರಿಸಿದೆವು. ರೈಜೋಬಿಯಂ, ಟ್ರೈಕೋಡರ್ಮಾ ಅನ್ನೋ ಬೆಳೆಗೆ ನೆರವಾಗೋ ಸೂಕ್ಷ್ಮಜೀವಿಗಳ ಪುಡಿಯನ್ನು ಬೀಜಕ್ಕೆ ಕಲಸಿ ನೆರಳಲ್ಲಿ ಒಣಗಿಸೋದು. ಅದಕ್ಕೆ ಜನ ಬಂದರು, ಕೇಳಿದರು, ಕೆಲವರು ಮಾಡಿದರು. ಅದೇ ಹೊತ್ತಿಗೆ ಶೀಗಿ ಹುಣ್ಣಿವೆ. ನನಗೆ ಹಚ್ಚಿಕೊಟ್ಟ ಮನೆಯವರು ಬಂಡಿ ಕಟ್ಟಿ ನನ್ನನ್ನೂ ಹೊಲಕ್ಕೆ ಕರೆದುಕೊಂಡು ಹೋದರು. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಭೂಮಿತಾಯಿಗೆ ಎಡೆ ಅಂತ ಹೊಲದ ತುಂಬ ಚರಗ ಚೆಲ್ಲಿ ಬಂದು ಬನ್ನಿ ಮರದ ಕೆಳಗೆ ಊಟ. ಅವತ್ತಿನ ದಿನಚರಿಯಲ್ಲಿ "ರೈತರ ಸಾಂಸ್ಕೃತಿಕ ಆಚರಣೆ ವೀಕ್ಷಣೆ" ಅಂತ ಬರೆದೆ. ಏನು ಮಾಡೋದು, ಫಾರ್ಮ್ಯಾಟ್ ಹಾಗಿದೆ.

ಆಮೇಲೆ ಕಡಲೆ ಕುಡಿ ಚಿವುಟೋ ಪ್ರಾತ್ಯಕ್ಷಿಕೆ. ಬಿತ್ತಿದ 30-35 ದಿನಕ್ಕೆ ಮೇಲಿನ ಕುಡಿ ಚಿವುಟಿದರೆ ಪಕ್ಕದ ಟೊಂಗೆ ಒಡೆದು ಕಾಯಿ ಜಾಸ್ತಿ ಕಟ್ಟುತ್ತದೆ. ಚಾರ್ಟ್ ಹಿಡಿದು, ಎಷ್ಟು ಇಂಚು, ಯಾವಾಗ, ಯಾಕೆ ಅಂತ ವಿವರಿಸುತ್ತಿದ್ದೆ. ಹೆಂಗಸರು ಸುಮ್ಮನೆ ಕೇಳಿದರು. ಮುಗಿದ ಮೇಲೆ ಒಬ್ಬಾಕಿ, "ಯವ್ವಾ, ನಾವು ಹುಟ್ಟಿದಾಗಿಂದ ಇದನ್ನ ಹರಕೊಂಡು ಪಲ್ಯ ಮಾಡಿ ರೊಟ್ಟಿ ಕೂಡ ತಿನ್ನಾಕತ್ತೀವಿ" ಅಂದಳು. ಎಲ್ಲರೂ ಗೊಳ್ ಅಂತ ನಕ್ಕರು, ನಾನೂ ನಕ್ಕೆ. ಕಡ್ಲಿ ಪಲ್ಯ ಗೊತ್ತಿಲ್ಲದವರು ಈ ಭಾಗದಲ್ಲಿ ಯಾರಿದ್ದಾರೆ? ಆದರೆ ಅವಳು ಅಷ್ಟಕ್ಕೇ ಬಿಡಲಿಲ್ಲ. ಪಲ್ಯಕ್ಕೆ ಬೇಕಾದಷ್ಟು ಮನೆಯವರು ಹರಿಯುತ್ತಾರೆ, ಇಡೀ ಹೊಲ ಚಿವುಟಬೇಕಂದರೆ ಆಳು ಹಚ್ಚಬೇಕು, ಆ ಕೂಲಿ ಹೆಚ್ಚು ಬಂದ ಕಡಲೆಯಲ್ಲಿ ಹುಟ್ಟುತ್ತದಾ? ನನ್ನ ಚಾರ್ಟಿನಲ್ಲಿ ಶೇಕಡಾ ಇಳುವರಿ ಇತ್ತು, ಕೂಲಿ ಇರಲಿಲ್ಲ. ರಾತ್ರಿ ಗುಂಪಿನವರೆಲ್ಲ ಕೂತು ಲೆಕ್ಕ ಹಾಕಿದೆವು. ಮನೆಯವರೇ ಕೈಯಾಡಿಸೋ ಸಣ್ಣ ಹೊಲಕ್ಕೆ ಲಾಭ, ಹತ್ತೆಕರೆಗೆ ಆಳು ಹಚ್ಚಿದರೆ ಆ ವರ್ಷದ ರೇಟಿನ ಮೇಲೆ ನಿಂತಿದೆ. ರೇಟು. ಮತ್ತೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿದ್ದೆವು.

ನನಗೆ ಹಚ್ಚಿಕೊಟ್ಟ ಮನೆಯ ಯಜಮಾನರನ್ನು ನಾನು ಕಾಕಾ ಅಂತಲೇ ಕರೆಯುತ್ತಿದ್ದೆ. ಮಾತು ಕಡಿಮೆ, ಲೆಕ್ಕ ಜಾಸ್ತಿ. ಒಂದು ಸಂಜೆ ಹೆಸರುಕಾಳಿನ ಲೆಕ್ಕ ತೆಗೆದರು. ಆ ಮುಂಗಾರಿನಲ್ಲಿ 12 ಕ್ವಿಂಟಲ್ ಹೆಸರು ಬಂದಿತ್ತು. ಒಕ್ಕೋ ಹೊತ್ತಿಗೆ ಮಳೆ ಹಿಡಿದು ಕಾಳು ಸ್ವಲ್ಪ ಕಪ್ಪಾಯಿತು. 2024-25ಕ್ಕೆ ಹೆಸರಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,682 ರೂಪಾಯಿ. ಕಾಕಾ ಮಾರಿದ್ದು 6,500ಕ್ಕೆ. ಒಂದು ಕ್ವಿಂಟಲ್‌ಗೆ 2,182 ರೂಪಾಯಿ ಕಡಿಮೆ, ಒಟ್ಟು 26 ಸಾವಿರದ ಮೇಲೆ ಹೋಯಿತು.

"ಖರೀದಿ ಕೇಂದ್ರಕ್ಕ ಯಾಕ ಹಾಕಲಿಲ್ರಿ?" ಅಂತ ಕೇಳಿದೆ.

"ನಮ್ಮ ಹೆಸರ ಬರಸಬೇಕು, ಪಾಳಿ ಬರಬೇಕು, ಮಾಲು ಒಣಗಿರಬೇಕು, ಆಮ್ಯಾಲ ರೊಕ್ಕ ಬರಬೇಕು. ಅಲ್ಲೀತನಕ ಕಡ್ಲಿ ಬಿತ್ತೋ ಹದ ನಿಂದರತೈತೇನು? ಬೀಜ, ಗೊಬ್ಬರಕ್ಕ ರೊಕ್ಕ ಆವಾಗ ಬೇಕಲ್ಲವಾ."

ನಾನು ಸುಮ್ಮನಿದ್ದೆ. ಅವರೇ ಮುಂದುವರಿಸಿದರು. "ನಿಮ್ಮ ಪುಸ್ತಕದಾಗ ಇಳುವರಿ ಹೆಂಗ ಹೆಚ್ಚ ಮಾಡೋದು ಐತಿ. ಎಲ್ಲಾರಿಗೂ ಹೆಚ್ಚ ಬಂದ ವರ್ಷ ರೇಟ ಯಾಕ ಬೀಳತೈತಿ ಅನ್ನೋದು ಐತೇನು?"

ಇತ್ತು! ಕೃಷಿ ಅರ್ಥಶಾಸ್ತ್ರದಲ್ಲಿ ಓದಿದ್ದೆ. ಈ ವರ್ಷದ ರೇಟು ನೋಡಿ ರೈತ ಮುಂದಿನ ವರ್ಷದ ಬೆಳೆ ನಿರ್ಧರಿಸುತ್ತಾನೆ. ರೇಟು ಚೆನ್ನಾಗಿದ್ದರೆ ಎಲ್ಲರೂ ಅದನ್ನೇ ಹಾಕುತ್ತಾರೆ, ಮಾಲು ಒಮ್ಮೆಲೇ ಬರುತ್ತದೆ, ರೇಟು ಬೀಳುತ್ತದೆ. ಬಿದ್ದದ್ದು ನೋಡಿ ಮುಂದಿನ ವರ್ಷ ಎಲ್ಲರೂ ಬಿಡುತ್ತಾರೆ, ಆಗ ರೇಟು ಏರುತ್ತದೆ. ಜನ ತಿನ್ನೋದು ಮಾತ್ರ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಅಗ್ಗವಾಯಿತು ಅಂತ ಯಾರೂ ಎರಡು ಪಟ್ಟು ಉಳ್ಳಾಗಡ್ಡಿ ತಿನ್ನೋದಿಲ್ಲ. ಕಾಬ್‌ವೆಬ್ ಥಿಯರಿ ಅಂತ ಬೋರ್ಡ್ ಮೇಲೆ ಸುರುಳಿ ಸುರುಳಿಯಾಗಿ ಗೆರೆ ಎಳೆದು ಪಾಠ ಮಾಡಿದ್ದರು. ಕಾಕಾಗೆ ಉಳ್ಳಾಗಡ್ಡಿ ಇಟ್ಟುಕೊಂಡೇ ಹೇಳಿದೆ, ಯಾಕೆಂದರೆ ಅದರ ಗಾಯ ಅವರಿಗಿನ್ನೂ ಹಸಿ ಇತ್ತು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಈರುಳ್ಳಿ ರಫ್ತು ನಿಲ್ಲಿಸಿ, ಮುಂದಿನ ಮೇ ತಿಂಗಳಲ್ಲಿ ಬಿಟ್ಟಿತಲ್ಲ, ಆಗ ಅವರ ಮಾಲು ಕೈಯಲ್ಲೇ ಇತ್ತಂತೆ.

ಕಾಕಾ ಪೂರ್ತಿ ಕೇಳಿಸಿಕೊಂಡರು. ನಮ್ಮ ಕ್ಲಾಸಿನಲ್ಲಿ ಇದನ್ನು ತಿಳಿಯೋಕೆ ಒಂದು ತಾಸು ಬೇಕಾಗಿತ್ತು, ಅವರಿಗೆ ಐದು ನಿಮಿಷ ಸಾಕಾಯಿತು. "ಅಂದ್ರ ಎಲ್ಲಾರೂ ಬಿಟ್ಟಾಗ ನಾ ಹಾಕಬೇಕು, ಎಲ್ಲಾರೂ ಹಾಕಿದಾಗ ನಾ ಬಿಡಬೇಕು. ಖರೇ. ಆದ್ರ ಎಲ್ಲಾರೂ ಬಿಟ್ಟಾರಂತ ಬಿತ್ತೋಕಿಂತ ಮದಲ ನನಗ ಯಾರ ಹೇಳವ್ರು?"

ಇದಕ್ಕೆ ಉತ್ತರ ನನ್ನ ಪುಸ್ತಕದಲ್ಲಿ ಇರಲಿಲ್ಲ. ನಿಜ ಹೇಳಬೇಕೆಂದರೆ, ಈ ನಾಲ್ಕು ವರ್ಷದಲ್ಲಿ ನನ್ನನ್ನು ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿಲ್ಲ. ಬಿತ್ತನೆ ಕ್ಷೇತ್ರದ ಅಂಕಿಅಂಶ ಸರಕಾರ ಸಂಗ್ರಹಿಸುತ್ತದೆ, ಮೊಬೈಲ್ ಆ್ಯಪ್‌ನಲ್ಲಿ ಬೆಳೆ ಸಮೀಕ್ಷೆಯೂ ನಡೆಯುತ್ತದೆ. ಆದರೆ ಅದೆಲ್ಲ ಬಿತ್ತಿ ಆದಮೇಲಿನ ಲೆಕ್ಕ. ರೈತನಿಗೆ ಬೇಕಾಗಿರೋದು ಕೂರಿಗೆ ಕಟ್ಟೋ ಮೊದಲಿನದು. ಬೀಜದ ಅಂಗಡಿಯಲ್ಲಿ ಯಾವ ಬೀಜ ಎಷ್ಟು ಹೋಗುತ್ತಿದೆ ಅನ್ನೋದರಲ್ಲಿ ಒಂದು ಸುಳಿವು ಇರುತ್ತದಲ್ವಾ? ಸುಮ್ನೆ ನೋಡೋಣ ಅಂತ ಮರುದಿನದಿಂದ ಒಂದು ಬೇರೆ ನೋಟ್‌ಬುಕ್ ಮಾಡಿದೆ. ಊರಲ್ಲಿ ಯಾರು ಏನು ಬಿತ್ತಿದರು, ಅದನ್ನೇ ಯಾಕೆ ಬಿತ್ತಿದರು, ಯಾರನ್ನು ಕೇಳಿ ಬಿತ್ತಿದರು, ಹೋದ ವರ್ಷ ಯಾವ ರೇಟಿಗೆ ಮಾರಿದ್ದರು. ಇದು ರಾವೆ ಫಾರ್ಮ್ಯಾಟಿನಲ್ಲಿ ಇಲ್ಲದ ಕೆಲಸ. ಗೆಳತಿಯರು "ನಿನಗ ಬ್ಯಾರೆ ಉದ್ಯೋಗ ಇಲ್ಲ" ಅಂತ ಬೈದರು, ಬೈಯುತ್ತಲೇ ಇಬ್ಬರು ಜತೆಗೆ ಬಂದರು. ಕಣ್ಣಿಗೆ ಹೊಡೆದದ್ದು ಏನೆಂದರೆ, ಹೆಚ್ಚಿನವರು ಬೆಳೆ ಬಗ್ಗೆ ಕೇಳಿದ್ದು ಅಧಿಕಾರಿಯನ್ನೂ ಅಲ್ಲ, ನಮ್ಮ ವಿಶ್ವವಿದ್ಯಾಲಯವನ್ನೂ ಅಲ್ಲ. ಸಾಲ ಕೊಡೋ ದಲಾಲರನ್ನು ಇಲ್ಲವೇ ಪಕ್ಕದ ಹೊಲದವನನ್ನು. ದಲಾಲನಿಗೆ ಮಾರ್ಕೆಟ್ ಗೊತ್ತು, ಬೀಜಕ್ಕೆ ರೊಕ್ಕ ಕೊಡೋನೂ ಅವನೇ, ಮಾಲು ತಗೊಳ್ಳೋನೂ ಅವನೇ. ಅವನನ್ನು ಬಯ್ಯೋದು ಸುಲಭ. ಆದರೆ ಬೀಜ, ಗೊಬ್ಬರಕ್ಕೆ ರೊಕ್ಕ ಬೇಕಾದ ದಿನ ಊರಿಗೆ ಬರೋನು ಅವನೊಬ್ಬನೇ.

ರಾವೆ ಮುಗಿಸಿ ಬಂದೆವು. ರಿಪೋರ್ಟ್, ವೈವಾ, ಎಲ್ಲ ಆಯಿತು. ವೈವಾದಲ್ಲಿ ಕಡಲೆ ಗಿಡ ಒಣಗಿಸೋ ಸಿಡಿ ರೋಗದ ಬಗ್ಗೆ ಕೇಳಿದರು, ಹೇಳಿದೆ. ಆ ನೋಟ್‌ಬುಕ್ ಬಗ್ಗೆ ಯಾರೂ ಕೇಳಲಿಲ್ಲ.

ಈಗಿನ ಸೆಮಿಸ್ಟರ್ ಪೂರ್ತಿ ಕೈಕೆಲಸ. ನಮ್ಮ ಗುಂಪು ಅಣಬೆ ತಗೊಂಡಿದೆ. ಭತ್ತದ ಹುಲ್ಲು ಕತ್ತರಿಸಿ ನೆನೆಸೋದು, ಬಿಸಿ ನೀರಲ್ಲಿ ಬೇಯಿಸೋದು, ನೀರು ಬಸಿದು ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು ಒಂದು ಪದರ ಬೀಜ ಅಂತ ತುಂಬಿ ಕತ್ತಲೆ ಕೋಣೆಯಲ್ಲಿ ಇಡೋದು. ಎರಡು ಮೂರು ವಾರಕ್ಕೆ ಚೀಲವೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಚೀಲ ಬಿಡಿಸಿ ದಿನಾ ನೀರು ಚಿಮುಕಿಸಬೇಕು. ಬೆಳೆಯೋದು ಕಷ್ಟವೇ ಅಲ್ಲ. ಕಿತ್ತ ಅಣಬೆ ಅವತ್ತೇ ಮಾರಾಟವಾಗಬೇಕು, ಅದು ಕಷ್ಟ. ಬೆಳಿಗ್ಗೆ ಚೀಲ ಹಿಡಿದು ಕ್ವಾರ್ಟರ್ಸ್‌ಗಳ ಬಾಗಿಲು ತಟ್ಟುವಾಗ ಕಾಕಾನ ನೆನಪು ಬರದೇ ಇರುತ್ತದಾ? ಒಂದು ದಿನ ಮೂರು ಗುಂಪಿನ ಅಣಬೆ ಒಟ್ಟಿಗೇ ಬಂದು, ನಾವೇ ಒಬ್ಬರಿಗಿಂತ ಒಬ್ಬರು ರೇಟು ಇಳಿಸಿ ಮಾರಿದೆವು. ಬೋರ್ಡ್ ಮೇಲಿನ ಸುರುಳಿ ಗೆರೆಯೊಳಗೆ ನಾವೇ ಹೊಕ್ಕಂತಾಯಿತು.

ಹಾಸ್ಟೆಲ್‌ನಲ್ಲಿ ಈಗ ಊಟದ ಹೊತ್ತಿನ ಮಾತೆಲ್ಲ ಪರೀಕ್ಷೆ. ಕೃಷಿ ಅಧಿಕಾರಿ ಮತ್ತು ಸಹಾಯಕ ಕೃಷಿ ಅಧಿಕಾರಿ ಸೇರಿ 945 ಹುದ್ದೆಗೆ 2024ರಲ್ಲಿ ಕೆಪಿಎಸ್‌ಸಿ ಅರ್ಜಿ ಕರೆದಾಗಿನಿಂದ ಕ್ಯಾಂಪಸ್‌ನ ಗಾಳಿಯೇ ಬದಲಾಗಿದೆ. ನಮ್ಮ ಸೀನಿಯರ್‌ಗಳು ಎಷ್ಟೋ ಜನ ಸಪ್ತಾಪುರದಲ್ಲಿ ರೂಮ್ ಹಿಡಿದು ಕೂತಿದ್ದಾರೆ. ಸಪ್ತಾಪುರ ನೋಡದವರಿಗೆ ಹೇಳಬೇಕೆಂದರೆ, ಅಲ್ಲಿ ಗೋಡೆ ಗೋಡೆಗೂ ಕೋಚಿಂಗ್ ಬೋರ್ಡ್, ಓಣಿಗೊಂದು ರೀಡಿಂಗ್ ರೂಮ್, ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಾ ಕರೆಂಟ್ ಅಫೇರ್ಸ್ ಕೇಳಿಕೊಳ್ಳೋ ಹುಡುಗರು. ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ದಾರೆ. ಅವರ ಶ್ರಮದ ಬಗ್ಗೆ ನನಗೆ ಗೌರವವೇ ಇದೆ. ಆದರೆ ಅಧಿಸೂಚನೆ ಯಾವಾಗ ಬರುತ್ತೋ ಅನ್ನೋದರ ಮೇಲೆ ಇಪ್ಪತ್ತೆರಡರಿಂದ ಇಪ್ಪತ್ತೆಂಟರ ತನಕದ ವಯಸ್ಸನ್ನು ಒತ್ತೆ ಇಡೋದು ನನ್ನಿಂದ ಆಗೋದಿಲ್ಲ ಅನ್ನಿಸಿತು. ಬ್ಯಾಂಕಿನ ಎಎಫ್‌ಒ, ಅಂದರೆ ಕೃಷಿ ಕ್ಷೇತ್ರ ಅಧಿಕಾರಿ ಪರೀಕ್ಷೆ ಇನ್ನೊಂದು ದಾರಿ. ಬ್ಯಾಂಕ್ ನೇಮಕಾತಿ ನೋಡಿಕೊಳ್ಳೋ ಐಬಿಪಿಎಸ್ ಪ್ರತಿ ವರ್ಷ ನಡೆಸುತ್ತದೆ, ವೇಳಾಪಟ್ಟಿ ಗಟ್ಟಿ. ನನ್ನ ರೂಮ್‌ಮೇಟ್ ಅದನ್ನೇ ಹಿಡಿದಿದ್ದಾಳೆ, ಗಣಿತದಲ್ಲಿ ಚುರುಕು, ಅವಳಿಗೆ ಆಗುತ್ತದೆ.

ಕಂಪನಿಯವರೂ ಬಂದಿದ್ದರು. ಬೆಳೆಗೆ ಹೊಡೆಯೋ ಔಷಧದ ಒಂದು ಕಂಪನಿಯ ಸಂದರ್ಶನಕ್ಕೆ ನಾನೂ ಕೂತೆ. ಬೆಳೆ ಬಗ್ಗೆ ಒಂದೆರಡು ಪ್ರಶ್ನೆ, ಉಳಿದದ್ದೆಲ್ಲ ಬೈಕ್ ಓಡಿಸುತ್ತೀರಾ, ಟಾರ್ಗೆಟ್ ಮುಟ್ಟಿಸುತ್ತೀರಾ. "ರೈತನಿಗೆ ಆ ಔಷಧ ಬೇಕಾಗಿಲ್ಲ ಅಂತ ಹೊಲದಲ್ಲಿ ಗೊತ್ತಾದರೆ ಏನು ಮಾಡಬೇಕು?" ಅಂತ ನಾನು ಕೇಳಿದೆ. ಅವರು ನಗುತ್ತಾ, ಹಾಗೆ ಗೊತ್ತಾಗೋದು ಕಡಿಮೆ ಅಂದರು. ಸಂಬಳ ಕೆಟ್ಟದೇನಿರಲಿಲ್ಲ. ಆಯ್ಕೆಯಾಗಲಿಲ್ಲ, ನನಗೂ ಬೇಜಾರಾಗಲಿಲ್ಲ.

ನಾನು ಕೊನೆಗೆ ತೀರ್ಮಾನಿಸಿದ್ದು ಎಂಎಸ್‌ಸಿ ಕೃಷಿ ಅರ್ಥಶಾಸ್ತ್ರ. ಬ್ರೀಡಿಂಗ್ ಅಲ್ಲ. ಇದನ್ನು ಹೇಳಿದಾಗ ನಮ್ಮ ಕ್ಲಾಸಿನಲ್ಲಿ ಒಬ್ಬ "ಬ್ರೀಡಿಂಗ್ ಸೀಟ್ ಸಿಗೋ ಹಂಗಿದ್ರೂ ಎಕನಾಮಿಕ್ಸ್ ತಗೋತಿಯೇನ?" ಅಂತ ಹುಚ್ಚಿಯನ್ನು ನೋಡಿದಂತೆ ನೋಡಿದ. ನಮ್ಮಲ್ಲಿ ಒಂದು ಮೇಲು ಕೀಳಿನ ಪಟ್ಟಿ ಇದೆ. ಬ್ರೀಡಿಂಗ್, ಕೀಟಶಾಸ್ತ್ರ, ರೋಗಶಾಸ್ತ್ರ ಮೇಲೆ, ಅರ್ಥಶಾಸ್ತ್ರ ಮತ್ತು ವಿಸ್ತರಣೆ ಕೆಳಗೆ. ಯಾರು ಮಾಡಿದ ಪಟ್ಟಿಯೋ ಗೊತ್ತಿಲ್ಲ, ಪ್ರತಿ ಬ್ಯಾಚೂ ಅದನ್ನು ಹಿಂದಿನವರಿಂದ ರೆಕಾರ್ಡ್ ಬುಕ್ಕಿನಂತೆ ಕಾಪಿ ಹೊಡೆಯುತ್ತದೆ. ಹೊಸ ತಳಿ ಬೇಡ ಅಂತ ನಾನು ಹೇಳುತ್ತಿಲ್ಲ, ಅವ್ವನ ಕೈಗೆ ಕೆಲಸ ಕೊಟ್ಟದ್ದೇ ಒಂದು ತಳಿ. ಆದರೆ ತಳಿ ಮಾಡೋರು ಬಹಳ ಜನ ಇದ್ದಾರೆ, ಬಿತ್ತೋಕಿಂತ ಮೊದಲಿನ ಆ ಲೆಕ್ಕ ಮಾಡೋರು ನನಗೆ ಹೆಚ್ಚು ಕಾಣಲಿಲ್ಲ.

ಮನೆಯಲ್ಲಿ ಹೇಳೋದೇ ದೊಡ್ಡ ಕೆಲಸವಾಯಿತು. ಅಪ್ಪ ಫೋನ್‌ನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. "ಇನ್ನೂ ಎರಡು ವರ್ಷ ಓದತೀಯಾ? ಮದ್ಲ ಪರೀಕ್ಷಾ ಕಟ್ಟು, ಆಫೀಸರ್ ಆಗು, ಆಮ್ಯಾಲ ಏನ ಬೇಕಾದ್ದ ಓದು" ಅಂದರು. ಅದರಲ್ಲಿ ತಪ್ಪೇನಿಲ್ಲ, ಇನ್ನೂ ತಮ್ಮನ ಓದು ಇದೆ, ಬೋರ್ ಸಾಲ ಇದೆ. ಅವ್ವ ಫೋನ್ ಕಸಿದುಕೊಂಡು ಬೇರೆಯದೇ ಕೇಳಿದಳು, "ಅದನ್ನ ಓದಿದ್ರ ಕಂಪನಿಯವರು ಬೀಜಕ್ಕ ಕೊಡೋ ರೇಟ ಸರಿ ಐತೋ ಇಲ್ಲೋ ಅಂತ ನಿನಗ ಗೊತ್ತಾಗತೈತೇನ?" ಗೊತ್ತಾಗುತ್ತೆ ಅಂದೆ. ಕ್ರಾಸಿಂಗ್ ಕೂಲಿ, ಫೇಲಾದ ಬೀಜ, ವಾಪಸು ಬಂದ ಲಾಟು, ಎಲ್ಲ ಸೇರಿಸಿ ಕೂತು ಹಾಕಿದರೆ ಒಂದು ಕಿಲೋ ಬೀಜಕ್ಕೆ ಎಷ್ಟು ಬೀಳುತ್ತೆ ಅಂತ ಬರೆದು ತೋರಿಸಬಹುದು. "ಹಂಗಾರ ಓದು" ಅಂದಳು. ಅಪ್ಪನದು ಇನ್ನೂ ಅರ್ಧ ಒಪ್ಪಿಗೆ. ಕೆಪಿಎಸ್‌ಸಿ ಮುಂದೆ ಕರೆದಾಗ ಅರ್ಜಿ ಹಾಕುತ್ತೇನೆ ಅಂತ ಮಾತು ಕೊಟ್ಟಿದ್ದೇನೆ, ಹಾಕುತ್ತೇನೆ ಕೂಡ.

ಈ ಮಧ್ಯೆ ನೋ ಡ್ಯೂ ಫಾರಂ ಹಿಡಿದು ಓಡಾಟ. ಲೈಬ್ರರಿ, ಹಾಸ್ಟೆಲ್, ಕ್ರೀಡಾ ವಿಭಾಗ, ಎನ್ನೆಸ್ಸೆಸ್, ಪ್ರತಿ ಡಿಪಾರ್ಟ್‌ಮೆಂಟಿನ ಲ್ಯಾಬ್. ಒಂದು ಕಡೆ ಸಹಿ ಹಾಕೋರು ರಜೆ, ಇನ್ನೊಂದು ಕಡೆ ಎರಡನೇ ವರ್ಷದಲ್ಲಿ ಒಡೆದ ಬೀಕರ್ ಇನ್ನೂ ನಮ್ಮ ಗುಂಪಿನ ಹೆಸರಲ್ಲಿದೆ. ಗುಂಪಿನವರೆಲ್ಲ ಹಂಚಿಕೊಂಡು ದಂಡ ಕಟ್ಟಿದೆವು. ಯಾರು ಒಡೆದದ್ದು ಅಂತ ಇವತ್ತಿಗೂ ಒಮ್ಮತವಿಲ್ಲ. ಬೀಳ್ಕೊಡುಗೆ, ಗ್ರೂಪ್ ಫೋಟೊ, ಶರ್ಟಿನ ಮೇಲೆ ಹೆಸರು ಬರೆಯೋದು, ಎಲ್ಲ ನಡೆಯುತ್ತಿದೆ. ಅಳೋರು ಅಳುತ್ತಿದ್ದಾರೆ.

ಐಸಿಎಆರ್, ಅಂದರೆ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೇನೆ, ಇಲ್ಲಿನ ಪಿಜಿ ಅರ್ಜಿಯನ್ನೂ ಬಿಡೋದಿಲ್ಲ. ಧಾರವಾಡದಲ್ಲೇ ಸೀಟು ಸಿಕ್ಕರೆ ಸಂತೋಷ, ಬೇರೆ ರಾಜ್ಯದಲ್ಲಿ ಸಿಕ್ಕರೂ ಹೋಗುತ್ತೇನೆ. ಸಿಗದಿದ್ದರೆ ನಮ್ಮ ತಾಲೂಕಿನಲ್ಲಿ ರೈತರೇ ಸೇರಿ ಕಟ್ಟಿದ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಲೆಕ್ಕ ಮತ್ತು ಖರೀದಿ ನೋಡಿಕೊಳ್ಳೋಕೆ ಬರುತ್ತೀಯಾ ಅಂತ ಕೇಳಿದ್ದಾರೆ. ಸಂಬಳ ಅಷ್ಟಕ್ಕಷ್ಟೇ, ಆದರೆ ಬೀಜ ಮಾರೋ ಕೌಂಟರ್ ಅವರದ್ದೇ ಇದೆ. ಯಾವ ಬೀಜ ಎಷ್ಟು ಚೀಲ ಹೋಯಿತು ಅನ್ನೋದು ದಿನದ ಸಂಜೆಗೇ ಕೈಗೆ ಸಿಗುತ್ತದೆ. ಬಿಲ್ ಬುಕ್ ನೋಡೋಕೆ ಕೊಡ್ತೀರಾ ಅಂತ ಮೊದಲೇ ಕೇಳಿಟ್ಟಿದ್ದೇನೆ. ಕೊಡ್ತೀವಿ ಬಾ ಅಂದಿದ್ದಾರೆ.